ಜ್ವಾಲೆ ನಂದಿದರೂ ಉಸಿರು ನಂದದ ಗಾಳಿ

ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ನಗರದಲ್ಲಿ ಯೇಲ್ ವಿಶ್ವವಿದ್ಯಾಲಯಕ್ಕೆ ಸೇರಿದ ಬೈನೆಕಿ ಗ್ರಂಥಾಲಯವಿದೆ. ಅಪೂರ್ವ ಪುಸ್ತಕಗಳಿಗೂ ಹಸ್ತಪ್ರತಿಗಳಿಗೂ ಮೀಸಲಾದ ಈ ಕಟ್ಟಡ 1963ರಲ್ಲಿ ತೆರೆಯಿತು. ಇದಕ್ಕೆ ಸಾಮಾನ್ಯ ಅರ್ಥದ ಕಿಟಕಿಗಳಿಲ್ಲ. ಗೋಡೆಯ ಜಾಗದಲ್ಲಿ ತೆಳುವಾಗಿ ಸೀಳಿದ ಅಮೃತಶಿಲೆಯ ಹಲಗೆಗಳನ್ನು ಕೂರಿಸಿದ್ದಾರೆ. ಹೊರಗಿನ ಬಿಸಿಲು ಆ ಕಲ್ಲಿನಲ್ಲಿ ಸೋಸಿ ಜೇನಿನ ಬಣ್ಣ ತಳೆದು ಒಳಗಿಳಿಯುತ್ತದೆ. ಕಟ್ಟಡದ ನಟ್ಟನಡುವೆ ಆರು ಅಂತಸ್ತಿನ ಗಾಜಿನ ಗೋಪುರವೊಂದು ನಿಂತಿದೆ. ಅದರೊಳಗಿನ ಕಪಾಟುಗಳಲ್ಲಿ ಸುಮಾರು 1,80,000 ಸಂಪುಟಗಳಿಗೆ ಸ್ಥಳವಿದೆ. ನೋಡಲು ಬಂದವರು ಗಾಜಿನ ಈಚೆ ನಿಂತು ಆ ಪುಸ್ತಕಗಳ ಬೆನ್ನನ್ನು ನೋಡಬಹುದು, ಮುಟ್ಟುವಂತಿಲ್ಲ.

ಈ ಗೋಪುರದ ಬಗ್ಗೆ ವಿದ್ಯಾರ್ಥಿಗಳ ಬಾಯಲ್ಲಿ ಒಂದು ಕಥೆ ಬಹುಕಾಲದಿಂದ ಓಡಾಡುತ್ತಿದೆ. ಬೆಂಕಿ ಬಿದ್ದರೆ ಗೋಪುರದ ಬಾಗಿಲುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವಂತೆ. ಒಳಗಿನ ಆಮ್ಲಜನಕವನ್ನೆಲ್ಲ ಯಂತ್ರಗಳು ಹೀರಿ ಹೊರಹಾಕುತ್ತವಂತೆ. ಪುಸ್ತಕಗಳು ಉಳಿಯುತ್ತವೆ, ಒಳಗೆ ಸಿಕ್ಕಿಬಿದ್ದ ಗ್ರಂಥಪಾಲಕ ಮಾತ್ರ ಉಳಿಯುವುದಿಲ್ಲವಂತೆ. ಕೇಳಿದವರ ಮೈ ಜುಮ್ಮೆನ್ನುತ್ತದೆ. ಮನುಷ್ಯನ ಜೀವಕ್ಕಿಂತ ಪುಸ್ತಕ ದೊಡ್ಡದೇ ಎಂಬ ಚರ್ಚೆಗೂ ಇದು ಒಳ್ಳೆಯ ವಸ್ತು. ಆದರೆ ಕಥೆ ನಿಜವಲ್ಲ. ಆಮ್ಲಜನಕವನ್ನು ಹೀರಿ ತೆಗೆಯುವ ಯಂತ್ರ ಅಲ್ಲಿಲ್ಲ. ಬೆಂಕಿಯನ್ನು ನಂದಿಸಲು ಆಮ್ಲಜನಕವನ್ನು ಪೂರ್ತಿ ತೆಗೆಯಬೇಕಾದ ಅಗತ್ಯವೂ ಇಲ್ಲ. ಹಾಗಿದ್ದರೂ ಈ ಕಥೆ ಶುದ್ಧ ಸುಳ್ಳಿನಿಂದ ಹುಟ್ಟಿದ್ದಲ್ಲ. ಅದರ ಬುಡದಲ್ಲಿ ಒಂದು ಹಳೆಯ ಸತ್ಯ ಹೂತುಹೋಗಿದೆ. ಅದನ್ನು ಅಗೆದು ನೋಡಬೇಕಾದರೆ ದೀಪ ಏಕೆ ಆರುತ್ತದೆ ಎಂಬಲ್ಲಿಂದ ಆರಂಭಿಸಬೇಕು.

ಬೆಂಕಿಗೆ ನೀರೇ ಸಾಕಲ್ಲವೇ ಎಂದು ಮೊದಲು ಕೇಳಬಹುದು. ಹುಲ್ಲಿನ ಬಣವೆಗೆ ಸಾಕು. ಪುಸ್ತಕಕ್ಕೆ, ಕಂಪ್ಯೂಟರಿಗೆ, ವಿದ್ಯುತ್ ಫಲಕಕ್ಕೆ ನೀರು ಎರಡನೆಯ ವಿಪತ್ತು. 2004ರ ಸೆಪ್ಟೆಂಬರ್ 2ರ ರಾತ್ರಿ ಜರ್ಮನಿಯ ವೈಮಾರ್ ನಗರದ ಡಚೆಸ್ ಅನ್ನಾ ಅಮಾಲಿಯಾ ಗ್ರಂಥಾಲಯಕ್ಕೆ ಬೆಂಕಿ ಬಿತ್ತು. ಸುಮಾರು 50,000 ಸಂಪುಟಗಳು ಸುಟ್ಟುಹೋದವು. ಇನ್ನೂ 62,000 ಸಂಪುಟಗಳು ಬೆಂಕಿಯ ಬಿಸಿ, ಹೊಗೆ ಮತ್ತು ಬೆಂಕಿಯಾರಿಸಲು ಸುರಿದ ನೀರಿನಿಂದ ಕೆಟ್ಟವು. ನೆನೆದ ಪುಸ್ತಕಗಳನ್ನು ಬೂಷ್ಟು ಹಿಡಿಯುವ ಮೊದಲೇ ಸುತ್ತಿ, ಲೈಪ್‌ಜಿಗ್ ನಗರಕ್ಕೆ ಸಾಗಿಸಿ, ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ಒಣಗಿಸಬೇಕಾಯಿತು. ಅವುಗಳ ದುರಸ್ತಿ ವರ್ಷಗಟ್ಟಲೆ ನಡೆಯಿತು. ಒದ್ದೆ ಮಾಡದೆ, ಪುಡಿ ಉದುರಿಸದೆ, ಕಲೆ ಬಿಡದೆ ಬೆಂಕಿಯನ್ನು ಕೊಲ್ಲುವ ಉಪಾಯಕ್ಕಾಗಿ ಗ್ರಂಥಾಲಯಗಳೂ ವಸ್ತುಸಂಗ್ರಹಾಲಯಗಳೂ ದೂರವಾಣಿ ಕೇಂದ್ರಗಳೂ ಗಾಳಿಯತ್ತ ತಿರುಗಿದ್ದು ಇಂಥ ಕಾರಣಗಳಿಂದ.

ಉರಿಯುವ ಮೇಣದ ಬತ್ತಿಯ ಮೇಲೆ ಗಾಜಿನ ಲೋಟವನ್ನು ಬೋರಲು ಹಾಕುವ ಪ್ರಯೋಗವನ್ನು ಮಾಡದ ಶಾಲೆ ಇರಲಾರದು. ತಟ್ಟೆಯಲ್ಲಿ ನೀರು, ನಡುವೆ ಬತ್ತಿ, ಮೇಲೆ ಲೋಟ. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ಲೋಟದಲ್ಲಿದ್ದ ಆಮ್ಲಜನಕವೆಲ್ಲ ಮುಗಿಯಿತು, ಅದು ಗಾಳಿಯ ಐದನೆಯ ಒಂದು ಭಾಗವಾದ್ದರಿಂದ ನೀರು ಅಷ್ಟೇ ಏರಿತು ಎಂದು ತಲೆಮಾರುಗಳಿಂದ ಮಕ್ಕಳಿಗೆ ಹೇಳಿಕೊಡಲಾಗಿದೆ. ಈ ವಿವರಣೆ ತಪ್ಪು ಎಂದು ಹೇಳಲೇಬೇಕು. ಗಮನವಿಟ್ಟು ನೋಡಿದ ಮಗುವಿಗೆ ತಿಳಿಯುತ್ತದೆ: ಬತ್ತಿ ಉರಿಯುತ್ತಿರುವಾಗ ನೀರು ಹೆಚ್ಚೇನೂ ಏರುವುದಿಲ್ಲ, ಬತ್ತಿ ಆರಿದ ಕೂಡಲೇ ಸರ್ರನೆ ಏರುತ್ತದೆ. ಬಿಸಿಯಾಗಿ ಹಿಗ್ಗಿದ್ದ ಗಾಳಿ ತಣಿದು ಕುಗ್ಗುವುದೇ ಆ ಏರಿಕೆಗೆ ಮುಖ್ಯ ಕಾರಣ. ಬತ್ತಿ ಆರಿದಾಗ ಲೋಟದಲ್ಲಿ ಇನ್ನೂ ಶೇ. 16ರ ಆಸುಪಾಸು ಆಮ್ಲಜನಕ ಉಳಿದಿರುತ್ತದೆ. ಹೊರಗಿನ ಗಾಳಿಯಲ್ಲಿ ಇರುವುದು ಶೇ. 21. ಅಂದರೆ ಇದ್ದ ಆಮ್ಲಜನಕದಲ್ಲಿ ನಾಲ್ಕನೆಯ ಒಂದು ಭಾಗ ಖರ್ಚಾಗುವಷ್ಟರಲ್ಲಿಯೇ ಜ್ವಾಲೆ ಸೋಲೊಪ್ಪಿಕೊಳ್ಳುತ್ತದೆ.

ಇಂಗ್ಲೆಂಡಿನ ಜಾನ್ ಮೇಯೋ 1674ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಮುಚ್ಚಿದ ಪಾತ್ರೆಯೊಳಗೆ ದೀಪವನ್ನೂ ಒಂದು ಸಣ್ಣ ಪ್ರಾಣಿಯನ್ನೂ ಒಟ್ಟಿಗೆ ಇಟ್ಟು ನೋಡಿದ್ದನ್ನು ವರ್ಣಿಸಿದ್ದಾನೆ. ಮೊದಲು ಆರಿದ್ದು ದೀಪ. ಪ್ರಾಣಿ ಆಮೇಲೂ ಕೆಲಕಾಲ ಬದುಕಿತ್ತು. ಆಮ್ಲಜನಕ ಎಂಬ ಹೆಸರೇ ಹುಟ್ಟದಿದ್ದ ಕಾಲವದು. ಜ್ವಾಲೆಗೆ ಸಾಲದ ಗಾಳಿ ಜೀವಕ್ಕೆ ಸಾಲಬಹುದು ಎಂಬ ಸಂಗತಿ ಅಂದೇ ಕಣ್ಣಿಗೆ ಬಿದ್ದಿತ್ತು.

ಆಮ್ಲಜನಕ ಇನ್ನೂ ಇರುವಾಗ ಜ್ವಾಲೆ ಏಕೆ ಆರಬೇಕು? ಜ್ವಾಲೆಯನ್ನು ಒಂದು ದೊಡ್ಡ ಕುಟುಂಬವೆಂದು ಭಾವಿಸಬಹುದು. ಆಮ್ಲಜನಕದ ಅಣು ದುಡಿಯುವವ. ಅದು ಇಂಧನದೊಡನೆ ಕೂಡಿದಾಗ ಬಿಸಿ ಹುಟ್ಟುತ್ತದೆ. ಸಾರಜನಕದ ಅಣುಗಳು ಕುಳಿತು ಉಣ್ಣುವವರು; ಅವು ಏನನ್ನೂ ಗಳಿಸುವುದಿಲ್ಲ, ಹುಟ್ಟಿದ ಬಿಸಿಯಲ್ಲಿ ತಮ್ಮ ಪಾಲನ್ನು ಮಾತ್ರ ಎತ್ತಿಕೊಳ್ಳುತ್ತವೆ. ಸಾಮಾನ್ಯ ಗಾಳಿಯ ಮನೆಯಲ್ಲಿ ಐವರು. ಒಬ್ಬ ದುಡಿದು ನಾಲ್ವರನ್ನು ಸಾಕುತ್ತಾನೆ. ಹೇಗೋ ಸಂಸಾರ ಸಾಗುತ್ತದೆ, ಜ್ವಾಲೆ ತನ್ನ ಪಕ್ಕದ ಇಂಧನವನ್ನೂ ಬಿಸಿಮಾಡಿ ಮುಂದುವರಿಯುತ್ತದೆ. ಅದೇ ಮನೆಗೆ ಇನ್ನೂ ಮೂವರು ಕೆಲಸವಿಲ್ಲದ ನೆಂಟರು ಬಂದು ಕುಳಿತರೆ? ಎಂಟು ಮಂದಿಗೆ ಒಬ್ಬನೇ ದುಡಿಯುವವ. ಗಳಿಕೆಯೆಲ್ಲ ನೆಂಟರ ಹೊಟ್ಟೆ ಸೇರಿ ಜ್ವಾಲೆಯ ಉಷ್ಣತೆ ಕುಸಿಯುತ್ತದೆ. ಅದು ಸುಮಾರು 1,300 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ದಹನದ ಸರಪಳಿ ಮುಂದೆ ಸಾಗಲಾರದೆ ಕಡಿದುಹೋಗುತ್ತದೆ. ಎಂಟರಲ್ಲಿ ಒಂದು ಎಂದರೆ ಶೇ. 12.5. ಜಡಾನಿಲಗಳಿಂದ ಬೆಂಕಿ ನಂದಿಸುವ ವ್ಯವಸ್ಥೆಗಳು ಒಂದು ಕೋಣೆಯ ಆಮ್ಲಜನಕವನ್ನು ತಂದು ನಿಲ್ಲಿಸುವುದು ಹೆಚ್ಚುಕಡಿಮೆ ಇದೇ ಮಟ್ಟಕ್ಕೆ. ಅವು ಆಮ್ಲಜನಕವನ್ನು ಕದಿಯುವುದಿಲ್ಲ. ಮನೆಗೆ ನೆಂಟರನ್ನು ಕಳಿಸುತ್ತವೆ.

ಶೇ. 12.5 ಆಮ್ಲಜನಕದ ಗಾಳಿಯಲ್ಲಿ ಮನುಷ್ಯ ಬದುಕಬಲ್ಲನೇ? ಇದಕ್ಕೆ ಉತ್ತರವನ್ನು ಬೆಟ್ಟಗಳಲ್ಲಿ ಹುಡುಕಬೇಕು. ಶ್ವಾಸಕೋಶಕ್ಕೆ ಮುಖ್ಯವಾದುದು ಆಮ್ಲಜನಕದ ಪ್ರಮಾಣಕ್ಕಿಂತ ಹೆಚ್ಚಾಗಿ ಅದರ ಒತ್ತಡ. ಒಂದು ಉಸಿರಿನಲ್ಲಿ ಎಷ್ಟು ಅಣುಗಳು ಒಳಗೆ ಬಂದವು ಎಂಬ ಲೆಕ್ಕ. ನೀಲಗಿರಿಯ ಉದಕಮಂಡಲ ಸಮುದ್ರಮಟ್ಟದಿಂದ 2,240 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿಯ ಒತ್ತಡ ಕಡಲತೀರದ ಒತ್ತಡದ ಮುಕ್ಕಾಲಿಗಿಂತ ಸ್ವಲ್ಪ ಹೆಚ್ಚು. ಆದ್ದರಿಂದ ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ, ಕಾಸರಗೋಡಿನ ಕಡಲತೀರದಲ್ಲಿ ಶೇ. 16 ಆಮ್ಲಜನಕವಿರುವ ಗಾಳಿಯನ್ನು ಉಸಿರಾಡಿದ್ದಕ್ಕೆ ಸಮ. ಲೋಟದೊಳಗಿನ ಬತ್ತಿ ಸತ್ತದ್ದು ಇಷ್ಟರಲ್ಲಿಯೇ. ಉದಕಮಂಡಲದ ಮಕ್ಕಳು ಇದೇ ಲೆಕ್ಕದ ಗಾಳಿಯಲ್ಲಿ ಫುಟ್‌ಬಾಲ್ ಆಡುತ್ತಾರೆ. ಲೇಹ್ ಪಟ್ಟಣದಲ್ಲಿ ಇದು ಶೇ. 14ಕ್ಕೆ ಇಳಿಯುತ್ತದೆ. ಬೆಂಗಳೂರಿನ ಭಾರತೀಯ ಖಗೋಳ ಭೌತ ಸಂಸ್ಥೆ ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿ ನಡೆಸುವ ವೀಕ್ಷಣಾಲಯದಲ್ಲಿ ಸುಮಾರು ಶೇ. 12ಕ್ಕೆ ಸಮ. ಅಲ್ಲಿಯೂ ಜನರು ಕೆಲಸ ಮಾಡುತ್ತಾರೆ; ಮೈ ಒಗ್ಗಲು ಕೆಲವು ದಿನ ಬೇಕು, ಹೊಸಬರಿಗೆ ತಲೆನೋವು, ಏದುಸಿರು ತಪ್ಪಿದ್ದಲ್ಲ. ಆ ದೂರದರ್ಶಕವನ್ನು ಹೊಸಕೋಟೆಯಲ್ಲಿ ಕುಳಿತು ದೂರದಿಂದಲೇ ನಡೆಸುವ ಏರ್ಪಾಡೂ ಇದೆ.

ಹಾಗಾದರೆ ಉದಕಮಂಡಲದಲ್ಲಿ ಬೆಂಕಿಕಡ್ಡಿ ಹತ್ತುವುದು ಹೇಗೆ? ಬೆಟ್ಟದ ಮೇಲೆ ಗಾಳಿ ತೆಳುವಾದರೂ ಅದರಲ್ಲಿ ಆಮ್ಲಜನಕದ ಪಾಲು ಐದಕ್ಕೆ ಒಂದೇ. ಊರಿನಲ್ಲಿ ಮನೆಗಳು ಕಡಿಮೆಯಾಗಿವೆ, ಆದರೆ ಪ್ರತಿ ಮನೆಯಲ್ಲೂ ಒಬ್ಬ ದುಡಿಯುವವ, ನಾಲ್ವರು ಉಣ್ಣುವವರು; ಆದ್ದರಿಂದ ಸಂಸಾರ ಕೆಡುವುದಿಲ್ಲ. ಜ್ವಾಲೆ ನೋಡುವುದು ಮುಖ್ಯವಾಗಿ ಪಾಲನ್ನು, ಶ್ವಾಸಕೋಶ ನೋಡುವುದು ಮೊತ್ತವನ್ನು. ಈ ಎರಡು ಲೆಕ್ಕಗಳ ನಡುವೆ ಒಂದು ಕಿರಿದಾದ ಹಾದಿ ತೆರೆದಿದೆ. ಜ್ವಾಲೆ ಆರಿದ ಮೇಲೂ ಮನುಷ್ಯ ನಡೆದು ಹೊರಗೆ ಬರಬಹುದಾದ ಹಾದಿ. ಜಡಾನಿಲದ ತಂತ್ರಜ್ಞಾನವೆಲ್ಲ ಈ ಹಾದಿಯ ಮೇಲೆ ನಿಂತಿದೆ.

ಹಾದಿ ಕಿರಿದು ಎಂಬುದನ್ನು ಮರೆಯಬಾರದು. ಕಡಲತೀರದಲ್ಲಿ ಶೇ. 12.5 ಎಂದರೆ ಸಹಿಸಬಹುದಾದ ಗಾಳಿ. ಅದೇ ಶೇ. 12.5ಕ್ಕೆ ಉದಕಮಂಡಲದ ಒಂದು ಕೋಣೆಯನ್ನು ಇಳಿಸಿದರೆ, ತೆಳುಗಾಳಿಯ ಲೆಕ್ಕವೂ ಸೇರಿ ಅದು ಕಡಲತೀರದ ಶೇ. 10ಕ್ಕಿಂತ ಕೆಳಗಿನ ಗಾಳಿಗೆ ಸಮವಾಗುತ್ತದೆ. ಅಲ್ಲಿ ಪ್ರಜ್ಞೆ ತಪ್ಪುವ ಭಯವಿದೆ. ಜ್ವಾಲೆಗೆ ಎತ್ತರ ತಟ್ಟುವುದಿಲ್ಲ, ಮನುಷ್ಯನಿಗೆ ತಟ್ಟುತ್ತದೆ. ಅಮೆರಿಕದ ಅಗ್ನಿಸುರಕ್ಷಾ ನಿಯಮಾವಳಿಯು ಜನರು ಕೆಲಸ ಮಾಡುವ ಕೋಣೆಗಳಲ್ಲಿ ಆಮ್ಲಜನಕ ಶೇ. 12ಕ್ಕಿಂತ ಇಳಿಯದಂತೆ ನೋಡಬೇಕೆಂದು ವಿಧಿಸುವಾಗ, ಅದು ಸಮುದ್ರಮಟ್ಟಕ್ಕೆ ಸಮನಾದ ಲೆಕ್ಕವೆಂದು ಸ್ಪಷ್ಟಪಡಿಸುತ್ತದೆ. ಅಂಥ ಗಾಳಿಯಲ್ಲಿಯೂ ಐದು ನಿಮಿಷಕ್ಕಿಂತ ಹೆಚ್ಚು ಯಾರೂ ಉಳಿಯದಂತೆ ವ್ಯವಸ್ಥೆ ಇರಬೇಕೆನ್ನುತ್ತದೆ. ಇದು ವಾಸಕ್ಕೆ ಯೋಗ್ಯವಾದ ಗಾಳಿಯಲ್ಲ, ಬಾಗಿಲಿನವರೆಗೆ ನಡೆಯಲು ಸಾಲುವ ಗಾಳಿ.

ಕಳಿಸಬೇಕಾದ ನೆಂಟರು ಯಾರು? ಸಾರಜನಕ ಒಂದೇ ಸಾಲುತ್ತದೆ, ಆರ್ಗಾನ್ ಒಂದೇ ಆದರೂ ನಡೆಯುತ್ತದೆ, ಎರಡನ್ನೂ ಸಮಸಮವಾಗಿ ಬೆರೆಸುವುದೂ ಉಂಟು. ಆರ್ಗಾನಿನ ಕಥೆ ಸ್ವಾರಸ್ಯವಾದುದು. ಗಾಳಿಯಿಂದ ಪಡೆದ ಸಾರಜನಕ, ರಾಸಾಯನಿಕಗಳಿಂದ ಪಡೆದ ಸಾರಜನಕಕ್ಕಿಂತ ಕೂದಲೆಳೆಯಷ್ಟು ಹೆಚ್ಚು ತೂಗುವುದೇಕೆ ಎಂದು ತಲೆಕೆಡಿಸಿಕೊಂಡ ಲಾರ್ಡ್ ರೇಲಿ, ವಿಲಿಯಂ ರಾಮ್ಸೆಯೊಡನೆ ಸೇರಿ 1894ರಲ್ಲಿ ಆ ಅನಿಲವನ್ನು ಪತ್ತೆಹಚ್ಚಿದ. ಯಾವುದರೊಡನೆಯೂ ಕೂಡದ ಅದಕ್ಕೆ ಗ್ರೀಕ್ ಭಾಷೆಯಲ್ಲಿ ಸೋಮಾರಿ ಎಂಬ ಅರ್ಥ ಬರುವ ಹೆಸರಿಟ್ಟರು. ಎಲ್ಲರೂ ಉಸಿರಾಡುವ ಗಾಳಿಯಲ್ಲಿ ಅದು ಶೇ. 0.93ರಷ್ಟಿದೆ, ಇಂಗಾಲದ ಡೈಆಕ್ಸೈಡ್‌ಗಿಂತ ಇಪ್ಪತ್ತು ಪಟ್ಟು ಹೆಚ್ಚು. ಸೋಮಾರಿಗೂ ಒಂದು ಉದ್ಯೋಗ ಸಿಕ್ಕಿದ್ದು ಅಗ್ನಿಶಾಮಕ ಕೆಲಸದಲ್ಲಿ.

ಹೆಚ್ಚು ಹೆಸರಾದ ಮಿಶ್ರಣ ಇನರ್ಜೆನ್. ಅದರಲ್ಲಿ ಶೇ. 52 ಸಾರಜನಕ, ಶೇ. 40 ಆರ್ಗಾನ್, ಉಳಿದ ಶೇ. 8 ಇಂಗಾಲದ ಡೈಆಕ್ಸೈಡ್. ಆ ಕೊನೆಯ ಎಂಟು ಭಾಗವೇ ಜಾಣತನ. ಮನುಷ್ಯನ ಮೆದುಳಿನ ಉಸಿರಾಟದ ಕೇಂದ್ರ ಮುಖ್ಯವಾಗಿ ಗಮನಿಸುವುದು ಆಮ್ಲಜನಕದ ಕೊರತೆಯನ್ನಲ್ಲ, ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್‌ನ ಏರಿಕೆಯನ್ನು. ಬರೀ ಸಾರಜನಕ ತುಂಬಿದ ಕೋಣೆಗೆ ಹೊಕ್ಕವನಿಗೆ ಉಸಿರುಕಟ್ಟಿದ ಅನುಭವವೇ ಆಗದೆ, ಯಾವ ಎಚ್ಚರಿಕೆಯೂ ಇಲ್ಲದೆ ಆತ ಕುಸಿಯುವುದು ಇದರಿಂದಲೇ. ಇನರ್ಜೆನ್ ಕೋಣೆಯ ಗಾಳಿಯೊಡನೆ ಬೆರೆತಾಗ ಇಂಗಾಲದ ಡೈಆಕ್ಸೈಡ್ ಸುಮಾರು ಶೇ. 3ಕ್ಕೆ ಬಂದು ನಿಲ್ಲುತ್ತದೆ. ಅಷ್ಟು ಸಾಕು; ಉಸಿರಾಟ ತಾನಾಗಿಯೇ ಆಳವಾಗಿ, ವೇಗವಾಗಿ ನಡೆಯತೊಡಗುತ್ತದೆ, ಕಡಿಮೆ ಆಮ್ಲಜನಕದ ಗಾಳಿಯಿಂದಲೂ ಮೆದುಳಿಗೆ ಬೇಕಾದಷ್ಟು ಒದಗುತ್ತದೆ.

ಒಂದು ತರಗತಿ ಕೋಣೆಯ ಲೆಕ್ಕ ಹಾಕಿ ನೋಡಬಹುದು. ಆರು ಮೀಟರ್ ಉದ್ದ, ಆರು ಮೀಟರ್ ಅಗಲ, ಮೂರು ಮೀಟರ್ ಎತ್ತರ; ಒಟ್ಟು 108 ಘನ ಮೀಟರ್. ಅದರ ಗಾಳಿಯಲ್ಲಿ ಶೇ. 40 ಭಾಗ ಜಡಾನಿಲ ಆಗಬೇಕಾದರೆ ಸುಮಾರು 55 ಘನ ಮೀಟರ್ ಅನಿಲ ಬೇಕು. 43 ಸಾಕಲ್ಲವೇ ಎಂದು ಗಣಿತದಲ್ಲಿ ಚುರುಕಾದ ಮಗು ಕೇಳಿದರೆ ತಪ್ಪಿಲ್ಲ. ಅನಿಲ ಒಳಗೆ ನುಗ್ಗಿದಂತೆ ಕೋಣೆಯ ಗಾಳಿ ಹೊರಗೆ ಹೋಗುತ್ತದೆ. ಆಗಲೇ ಬೆರೆತುಹೋದ ಅನಿಲದ ಒಂದು ಪಾಲೂ ಅದರೊಡನೆ ಹೋಗುತ್ತದೆ. ಆ ನಷ್ಟವನ್ನೂ ತುಂಬಬೇಕು. ಸಾಮಾನ್ಯ ವಾಯುಭಾರದ 200 ಪಟ್ಟು ಒತ್ತಡದಲ್ಲಿ ತುಂಬಿದ 80 ಲೀಟರಿನ ಒಂದು ಸಿಲಿಂಡರ್ ಸುಮಾರು 16 ಘನ ಮೀಟರ್ ಅನಿಲ ಕೊಡುತ್ತದೆ. ಅಂದರೆ ಒಂದು ತರಗತಿಗೆ ನಾಲ್ಕು ಸಿಲಿಂಡರ್. ಬೈನೆಕಿಯ ಆರು ಅಂತಸ್ತಿನ ಗೋಪುರಕ್ಕೆ ಎಷ್ಟು ಬೇಕಾದೀತು ಎಂಬುದನ್ನು ಊಹಿಸಿಕೊಳ್ಳಬಹುದು. ಈ ವ್ಯವಸ್ಥೆಯ ದೊಡ್ಡ ಅನನುಕೂಲ ಇದೇ: ಜಾಗ ಹಿಡಿಯುತ್ತದೆ, ಹಣ ಬೇಡುತ್ತದೆ.

ಅನಿಲವನ್ನು ಬಿಡುವ ಕ್ರಮದಲ್ಲಿ ಮನುಷ್ಯನಿಗೆ ಮೊದಲ ಸ್ಥಾನ. ಒಂದು ಹೊಗೆಸೂಚಕ ಕೂಗಿದರೆ ಅನಿಲ ಬಿಡುವುದಿಲ್ಲ, ಎರಡನೆಯದೂ ಸಾಕ್ಷಿ ನುಡಿಯಬೇಕು. ಆಮೇಲೆ ಗಂಟೆ, ದೀಪ. ಫ್ಯಾನುಗಳೂ ಹವಾನಿಯಂತ್ರಣವೂ ನಿಲ್ಲುತ್ತವೆ. ಸಾಮಾನ್ಯವಾಗಿ ಅರ್ಧ ನಿಮಿಷದಷ್ಟು ಕಾಲಾವಕಾಶವಿರುತ್ತದೆ. ಒಳಗೆ ಯಾರಾದರೂ ಉಳಿದಿದ್ದರೆ ತಡೆಹಿಡಿಯುವ ಗುಂಡಿಯೂ ಉಂಟು. ಬಾಗಿಲುಗಳು ತಾವಾಗಿ ಮುಚ್ಚಿಕೊಳ್ಳುವುದು ನಿಜವೇ, ಆದರೆ ಬೀಗ ಬೀಳುವುದಿಲ್ಲ. ಒಳಗಿನಿಂದ ತಳ್ಳಿದರೆ ತೆರೆಯುತ್ತವೆ. ಇಷ್ಟೆಲ್ಲ ಆದ ಮೇಲೆ ಒಂದೆರಡು ನಿಮಿಷದಲ್ಲಿ ಅನಿಲ ಕೋಣೆಯನ್ನು ತುಂಬುತ್ತದೆ. ಆ ರಭಸಕ್ಕೆ ಗೋಡೆ ಬಿರುಕು ಬಿಡದಂತೆ ಒತ್ತಡ ತಗ್ಗಿಸುವ ಕಿಂಡಿಯೊಂದು ತಾನಾಗಿ ತೆರೆದುಕೊಳ್ಳಬೇಕು. ಬಳಿಕ ಕನಿಷ್ಠ ಹತ್ತು ನಿಮಿಷವಾದರೂ ಅನಿಲ ಸೋರದೆ ನಿಲ್ಲಬೇಕು, ಇಲ್ಲವಾದರೆ ಬಿಸಿ ಆರದ ವಸ್ತು ಮತ್ತೆ ಹೊತ್ತಿಕೊಂಡೀತು.

ಸದ್ದಿನ ಬಗ್ಗೆ ಬಹುಕಾಲ ಯಾರೂ ಯೋಚಿಸಿರಲಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ರುಮೇನಿಯಾದ ಬುಖಾರೆಸ್ಟ್ ನಗರದ ಒಂದು ಬ್ಯಾಂಕಿನ ಕಂಪ್ಯೂಟರ್ ಕೇಂದ್ರದಲ್ಲಿ ಇಂಥ ವ್ಯವಸ್ಥೆಯ ಪರೀಕ್ಷೆ ನಡೆಯಿತು. ಬೆಂಕಿ ಇರಲಿಲ್ಲ. ಅನಿಲ ಹೊರಬಂದಾಗ ಎದ್ದ 130 ಡೆಸಿಬೆಲ್‌ಗೂ ಮೀರಿದ ಸದ್ದಿನ ಕಂಪನಕ್ಕೆ ಹಾರ್ಡ್ ಡಿಸ್ಕುಗಳು ಕೆಟ್ಟವು. ಬ್ಯಾಂಕಿನ ಕಾರ್ಡುಗಳೂ ಯಂತ್ರಗಳೂ ಗಂಟೆಗಟ್ಟಲೆ ಸ್ತಬ್ಧವಾದವು. ಬೆಂಕಿಯಿಂದ ಕಾಯಬೇಕಾದುದೇ ಕೂಗಿ ಕೆಡಿಸಿತು. ಆ ಮೇಲೆ ಸದ್ದಡಗಿಸುವ ನಳಿಕೆಗಳ ಬಳಕೆ ಹೆಚ್ಚಿತು.

ಇನ್ನು ಬೈನೆಕಿಯ ಕಥೆಯ ಬುಡದಲ್ಲಿ ಹೂತಿದ್ದ ಸತ್ಯ. ಆ ಗೋಪುರಕ್ಕೆ ಹಿಂದೆ ಇದ್ದದ್ದು ಇಂಗಾಲದ ಡೈಆಕ್ಸೈಡ್‌ನ ವ್ಯವಸ್ಥೆ. ಸಿಬ್ಬಂದಿಯ ಪ್ರಾಣಕ್ಕೆ ಅಪಾಯವೆಂದು ಅದನ್ನು ತೆಗೆದುಹಾಕಿದರು. ಆ ಬಳಿಕ ಬಂದವು ಹ್ಯಾಲಾನ್ 1301 ಮತ್ತು ಇನರ್ಜೆನ್. ಕಥೆ ಹೇಳುವವರಿಗೆ ಈ ಬದಲಾವಣೆಯ ಸುದ್ದಿ ತಲುಪಲೇ ಇಲ್ಲ.

ಇಂಗಾಲದ ಡೈಆಕ್ಸೈಡ್ ಅಗ್ಗ, ಒತ್ತಡದಲ್ಲಿ ದ್ರವವಾಗಿ ಸಣ್ಣ ಜಾಗದಲ್ಲಿ ಅಡಗುತ್ತದೆ, ಬೆಂಕಿಯನ್ನು ಚೆನ್ನಾಗಿ ಕೊಲ್ಲುತ್ತದೆ. ಕೋಣೆಯನ್ನು ತುಂಬುವ ಅದರ ವ್ಯವಸ್ಥೆಗಳು ಕನಿಷ್ಠ ಶೇ. 34ರಷ್ಟು ಅನಿಲವನ್ನು ಬಿಡುತ್ತವೆ. ಆಗ ಆಮ್ಲಜನಕ ಶೇ. 14ರ ಸಮೀಪಕ್ಕೆ ಬಂದಿರುತ್ತದೆ. ಇದು ಇನರ್ಜೆನ್ ತುಂಬಿದ ಕೋಣೆಗಿಂತ ಹೆಚ್ಚು! ಆಮ್ಲಜನಕವನ್ನಷ್ಟೇ ಎಣಿಸಿದರೆ ಇದು ಲೇಹ್ ಪಟ್ಟಣದ ಗಾಳಿ. ಆದರೂ ಅಲ್ಲಿ ಮನುಷ್ಯ ಉಳಿಯುವುದಿಲ್ಲ. ಇಂಗಾಲದ ಡೈಆಕ್ಸೈಡ್ ಆ ಪ್ರಮಾಣದಲ್ಲಿ ಸ್ವತಃ ವಿಷ. ಅದು ರಕ್ತವನ್ನು ಆಮ್ಲೀಯವಾಗಿಸುತ್ತದೆ. ಶೇ. 17ನ್ನು ಮೀರಿದ ಗಾಳಿಯನ್ನು ಉಸಿರಾಡಿದವನಿಗೆ ಒಂದು ನಿಮಿಷದೊಳಗೆ ಪ್ರಜ್ಞೆ ತಪ್ಪುತ್ತದೆ. ಶೇ. 3ರಲ್ಲಿ ಉಸಿರಿಗೆ ಊರುಗೋಲಾದ ಅನಿಲವೇ ಶೇ. 34ರಲ್ಲಿ ಉಸಿರನ್ನು ಕಟ್ಟಿಬಿಡುತ್ತದೆ. ಪ್ರಮಾಣದ ಮಾತು ಇದು. ಅನಿಲದ ಹೆಸರಷ್ಟೇ ಕೇಳಿ ಒಳ್ಳೆಯದು, ಕೆಟ್ಟದ್ದು ಎಂದು ತೀರ್ಮಾನಿಸುವಂತಿಲ್ಲ.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2000ದಲ್ಲಿ ಪ್ರಕಟಿಸಿದ ವರದಿಯೊಂದು, 1975ರಿಂದೀಚೆಗೆ ಇಂಗಾಲದ ಡೈಆಕ್ಸೈಡ್‌ನ ಅಗ್ನಿಶಾಮಕ ವ್ಯವಸ್ಥೆಗಳಿಂದ ಆದ 51 ಅವಘಡಗಳ ದಾಖಲೆಗಳನ್ನು ಒಟ್ಟುಗೂಡಿಸಿತು. ಸತ್ತವರು 72 ಮಂದಿ, ಗಾಯಗೊಂಡವರು 145. ಅವುಗಳಲ್ಲಿ ಬೆಂಕಿಯ ಸಂದರ್ಭಗಳಿಗಿಂತ ಪರೀಕ್ಷೆ, ದುರಸ್ತಿ, ಅಕಸ್ಮಾತ್ ಸೋರಿಕೆಗಳೇ ಗಮನ ಸೆಳೆಯುತ್ತವೆ. 1998ರ ಜುಲೈ 28ರಂದು ಐಡಹೋ ರಾಜ್ಯದ ರಾಷ್ಟ್ರೀಯ ಪ್ರಯೋಗಾಲಯವೊಂದರಲ್ಲಿ ವಿದ್ಯುತ್ ಕೆಲಸದ ಸಿದ್ಧತೆಯಲ್ಲಿದ್ದ 13 ಮಂದಿಯ ಮೇಲೆ ಎಚ್ಚರಿಕೆಯ ಗಂಟೆಯೂ ಬಾರಿಸದೆ ಅನಿಲ ಹೊಮ್ಮಿತು. ಮಂಜಿನಂತಹ ಬಿಳಿ ಮೋಡದಲ್ಲಿ ಬಾಗಿಲು ಕಾಣಲಿಲ್ಲ. ಒಬ್ಬ ಸತ್ತ, ಹಲವರು ತೀವ್ರವಾಗಿ ಅಸ್ವಸ್ಥರಾದರು. ಬೆಂಕಿಯ ಒಂದು ಕಿಡಿಯೂ ಅಲ್ಲಿರಲಿಲ್ಲ. ವ್ಯವಸ್ಥೆಗೆ ಯಾಂತ್ರಿಕ ಬೀಗ ಹಾಕಿ ನಿಲ್ಲಿಸಿ ಕೆಲಸ ಆರಂಭಿಸಿದ್ದರೆ ಅದು ತಪ್ಪುತ್ತಿತ್ತು. 2008ರ ಆಗಸ್ಟ್‌ನಲ್ಲಿ ಜರ್ಮನಿಯ ಮ್ಯೊನ್‌ಶೆನ್‌ಗ್ಲಾಡ್‌ಬಾಖ್ ನಗರದ ಕಾರ್ಖಾನೆಯೊಂದರಿಂದ ಸೋರಿದ ಇದೇ ಅನಿಲ, ಗಾಳಿ ಬೀಸದ ಮುಂಜಾನೆಯಲ್ಲಿ ಕಟ್ಟಡದ ಹೊರಗೂ ಹರಿದು ನೂರಕ್ಕೂ ಹೆಚ್ಚು ಮಂದಿಯನ್ನು ಬಾಧಿಸಿತು. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ನೀರಿನಂತೆ ತಗ್ಗಿಗೆ ಹರಿಯುತ್ತದೆ.

ಹ್ಯಾಲಾನ್ ಒಂದು ಕಾಲಕ್ಕೆ ಎಲ್ಲರ ಅಚ್ಚುಮೆಚ್ಚು. ಬ್ರೋಮಿನ್ ಇರುವ ಈ ಅನಿಲ ಜ್ವಾಲೆಯ ರಾಸಾಯನಿಕ ಸರಪಳಿಯನ್ನೇ ಕತ್ತರಿಸುತ್ತದೆ, ಶೇ. 5 ಇದ್ದರೆ ಸಾಕು. ಆದರೆ ಆಕಾಶದ ಓಜೋನ್ ಪದರವನ್ನೂ ಅದು ಅಷ್ಟೇ ಸಮರ್ಥವಾಗಿ ತಿನ್ನುತ್ತದೆ. 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಮುಂದುವರಿದ ದೇಶಗಳು 1994ರ ಆರಂಭಕ್ಕೆ ಅದರ ತಯಾರಿಕೆಯನ್ನು ನಿಲ್ಲಿಸಿದವು. ಜಡಾನಿಲಗಳ ಕಡೆಗೆ ಲೋಕ ಹೊರಳಿದ್ದು ಈ ನಿಷೇಧದಿಂದಲೇ. ಹ್ಯಾಲಾನಿನ ಬಳಗದ ಅನಿಲಗಳೂ ಪ್ರಮಾಣ ಮೀರಿದರೆ ಕ್ರೂರವಾಗಬಲ್ಲವು. 2008ರ ನವೆಂಬರ್ 8ರಂದು ಜಪಾನ್ ಸಮುದ್ರದಲ್ಲಿ ಪರೀಕ್ಷೆಗೆ ಇಳಿದಿದ್ದ ರಷ್ಯದ ‘ನೆರ್ಪಾ’ ಜಲಾಂತರ್ಗಾಮಿಯಲ್ಲಿ ಬೆಂಕಿಯೇ ಇಲ್ಲದೆ ಫ್ರಿಯಾನ್ ಅನಿಲ ಬಿಡುಗಡೆಯಾಗಿ 20 ಮಂದಿ ಸತ್ತರು. ಒಳಗೆ 208 ಜನರಿದ್ದರು. ಸಮುದ್ರದ ನಡುವೆ ತೆರೆಯಲು ಬಾಗಿಲಿರಲಿಲ್ಲ. ಅದೇ ನೌಕೆ 2012ರಲ್ಲಿ ಗುತ್ತಿಗೆಯ ಮೇಲೆ ಭಾರತದ ನೌಕಾಪಡೆಗೆ ಬಂದು ‘ಐಎನ್ಎಸ್ ಚಕ್ರ’ ಎನಿಸಿಕೊಂಡಿತು.

ಜಡಾನಿಲಕ್ಕೂ ಸೋಲುಂಟು. ಮೆಗ್ನೀಸಿಯಂ ತಂತಿ ಸಾರಜನಕದಲ್ಲಿಯೂ, ಇಂಗಾಲದ ಡೈಆಕ್ಸೈಡ್‌ನಲ್ಲಿಯೂ ಉರಿಯುತ್ತದೆ. ಹಳೆಯ ನೈಟ್ರೇಟ್ ಚಲನಚಿತ್ರದ ಸುರುಳಿಗಳು ತಮ್ಮ ಆಮ್ಲಜನಕವನ್ನು ತಾವೇ ಹೊತ್ತುಕೊಂಡಿರುತ್ತವೆ. ಹೊರಗಿನ ಗಾಳಿಯನ್ನು ಕಡಿದರೂ ಅವುಗಳಿಗೆ ಲೆಕ್ಕವಿಲ್ಲ. 2003ರ ಜನವರಿಯಲ್ಲಿ ಪುಣೆಯಲ್ಲಿ ಬೆಂಕಿಗೆ ಆಹುತಿಯಾದ ಹಳೆಯ ಚಿತ್ರಗಳು ಇಂಥ ಸುರುಳಿಗಳಲ್ಲಿದ್ದವು. ಕೆರಳಿದ ಲಿಥಿಯಂ ಬ್ಯಾಟರಿಗೆ ಬೇಕಾದುದು ತಂಪು. ಅನಿಲದಿಂದ ಅದು ಹೆಚ್ಚು ಸಿಗದು.

ಜ್ವಾಲೆ ಮತ್ತು ಉಸಿರಿನ ನಡುವಣ ಆ ಕಿರಿದಾದ ಹಾದಿಯನ್ನು ತಿರುಗುಮುರುಗಾಗಿ ಬಳಸುವವರು ಕಾಸರಗೋಡಿನಲ್ಲಿದ್ದಾರೆ. ಬಾಯಾರು, ಎಣ್ಮಕಜೆಯ ಕಡೆ ಗುಡ್ಡದ ಮುರಕಲ್ಲಿನಲ್ಲಿ ನೀರಿಗಾಗಿ ಅಡ್ಡಡ್ಡ ಕೊರೆಯುವ ಸುರಂಗಗಳು ಆ ನಾಡಿನ ಮಕ್ಕಳಿಗೆ ಹೊಸತಲ್ಲ. ಒಬ್ಬ ಮನುಷ್ಯ ನುಸುಳುವಷ್ಟೇ ಅಗಲ, ಒಳಗೆ ಕತ್ತಲೆ, ಗಾಳಿ ಆಡುವುದಿಲ್ಲ. ಅದನ್ನು ತೋಡುವವರು ಮೇಣದ ಬತ್ತಿಯನ್ನೋ ಬೆಂಕಿಪೊಟ್ಟಣವನ್ನೋ ಒಯ್ಯುತ್ತಾರೆ. ಕಡ್ಡಿ ಹತ್ತಲು ತಕರಾರು ಮಾಡಿದರೆ, ಬತ್ತಿ ಮಂಕಾದರೆ, ಗುದ್ದಲಿ ಇಟ್ಟು ಹೊರಗೆ ನಡೆಯುತ್ತಾರೆ. ಜ್ವಾಲೆ ಶೇ. 16ರಲ್ಲಿ ಸಾಯುತ್ತದೆ, ಮನುಷ್ಯ ಅದಕ್ಕಿಂತ ಕೆಳಗೂ ನಡೆಯಬಲ್ಲ. ಆದ್ದರಿಂದ ಸತ್ತ ದೀಪ ಆತನಿಗೆ ಹೊರಬರುವಷ್ಟು ಹೊತ್ತು ಕೊಡುತ್ತದೆ. ಪುಸ್ತಕದ ಗೋಪುರದಲ್ಲಿ ದೀಪ ಮೊದಲು ಆರಲಿ ಎಂದು ಹಣ ಸುರಿಯುತ್ತಾರೆ. ಸುರಂಗದಲ್ಲಿ ದೀಪ ಮೊದಲು ಆರುವುದರಿಂದ ಪ್ರಾಣ ಉಳಿಯುತ್ತದೆ.

ಇದೇ ಪರೀಕ್ಷೆಯನ್ನು ಪಾಳುಬಾವಿಗೂ ಶೌಚಗುಂಡಿಗೂ ಒಯ್ಯುವುದು ಮಾತ್ರ ತಪ್ಪಾಗುತ್ತದೆ. ದೀಪ ಬರೀ ಆಮ್ಲಜನಕದ ಸಾಕ್ಷಿ. ಬಾವಿಯ ತಳದಲ್ಲಿ ಎಲೆಕಸ ಕೊಳೆತು ಶೇ. 10ರಷ್ಟು ಇಂಗಾಲದ ಡೈಆಕ್ಸೈಡ್ ನಿಂತಿದ್ದರೂ ಅಲ್ಲಿನ ಆಮ್ಲಜನಕ ಶೇ. 18ಕ್ಕಿಂತ ಮೇಲಿರಬಹುದು, ಇಳಿಬಿಟ್ಟ ದೀಪ ಉರಿಯುತ್ತಲೇ ಇರುತ್ತದೆ, ಇಳಿದ ಮನುಷ್ಯ ಕೆಲವೇ ನಿಮಿಷದಲ್ಲಿ ಕುಸಿಯುತ್ತಾನೆ. ಶೌಚಗುಂಡಿಯ ಹೈಡ್ರೋಜನ್ ಸಲ್ಫೈಡ್ ಇನ್ನೂ ಕಡಿಮೆ ಪ್ರಮಾಣದಲ್ಲಿ ಕೊಲ್ಲುತ್ತದೆ, ದೀಪಕ್ಕೆ ಅದರ ಸುಳಿವೂ ಸಿಗದು. ಮೀಥೇನ್ ಇದ್ದರೆ ದೀಪವೇ ಸ್ಫೋಟಕ್ಕೆ ಕಾರಣ. ಬಿದ್ದವನನ್ನು ಎತ್ತಲು ಹಗ್ಗವಿಲ್ಲದೆ ಇಳಿದ ಎರಡನೆಯವನೂ, ಅವನ ಹಿಂದೆ ಇಳಿದ ಮೂರನೆಯವನೂ ಅದೇ ಗಾಳಿಯನ್ನು ಉಸಿರಾಡುತ್ತಾರೆ. ಶೌಚಗುಂಡಿ ಮತ್ತು ಒಳಚರಂಡಿಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಕೇಂದ್ರ ಕಾಯಿದೆ ಅಪರಾಧವೆಂದು ಸಾರಿದೆ. ಮನೆಯ ಗುಂಡಿ ತುಂಬಿದಾಗ ಕರೆಸಬೇಕಾದುದು ಹೀರುವ ಯಂತ್ರವಿರುವ ವಾಹನವನ್ನು.